ಉತ್ತರ ಇಂಗ್ಲೆಂಡಿನಲ್ಲಿ ನಾಲ್ಕು ದಿನ: ಊರು ನೋಡುವವರಿಗೆ ಹದಿನಾಲ್ಕು ಸೂತ್ರಗಳು

ಇಂಗ್ಲೆಂಡಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಲಂಡನ್ನಿನಲ್ಲಿ ಐದು ದಿನ, ಆಮೇಲೆ ರೈಲು ಹತ್ತಿ ಎಡಿನ್‌ಬರೋ, ಅಲ್ಲಿಂದ ವಾಪಸು. ನಡುವಿನ ಯಾರ್ಕ್, ಡರ್ಹಮ್, ನ್ಯೂಕ್ಯಾಸಲ್ ಕಿಟಕಿಯಾಚೆ ಸರಿದು ಹೋಗಿರುತ್ತವೆ. ಲಿವರ್‌ಪೂಲ್, ಮ್ಯಾಂಚೆಸ್ಟರ್ ಎಂದರೆ ಫುಟ್‌ಬಾಲ್ ತಂಡಗಳ ಹೆಸರು, ಅಷ್ಟೆ. ನನ್ನ ತಂಗಿ ಲೀಡ್ಸ್‌ನಲ್ಲಿ ನೆಲೆಸಿರುವುದರಿಂದ ಆ ಕಡೆಗೆ ಮತ್ತೆ ಮತ್ತೆ ಹೋಗುವ ಅವಕಾಶ ನನಗೆ ಸಿಕ್ಕಿದೆ. ಮೊದಲ ಸಲ ನಾಲ್ಕು ದಿನಕ್ಕೆ ಆರು ಊರು ಹಾಕಿಕೊಂಡು, ರೈಲು ನಿಲ್ದಾಣಗಳನ್ನು ಬಿಟ್ಟು ಬೇರೇನೂ ನೆನಪಿನಲ್ಲಿ ಉಳಿಯದಂತೆ ಓಡಾಡಿ ಬಂದೆ. ಆಮೇಲೆ ಕಲಿತೆ. ಹತ್ತಿರ ಹತ್ತಿರ ಇರುವ ಊರುಗಳಿವು. ಅದಕ್ಕೇ ಎಲ್ಲವನ್ನೂ ಮುಗಿಸಿಬಿಡೋಣ ಅನ್ನಿಸುತ್ತದೆ. ಆ ಆಸೆ ಬಿಟ್ಟು, ಕೆಲವನ್ನೇ ಹಿಡಿದು ನಿಧಾನವಾಗಿ ನೋಡುವವರಿಗೆ ಅವು ಕೈತುಂಬ ಕೊಡುತ್ತವೆ. ಹೊರಡುವವರಿಗೆ ಉಪಯೋಗವಾಗಲಿ ಎಂದು ನಾನು ಪಾಲಿಸುವ ಸೂತ್ರಗಳನ್ನು ಇಲ್ಲಿ ಬರೆದಿದ್ದೇನೆ.

1. ಲಂಡನ್ನಿನಲ್ಲೇ ಇಳಿಯಬೇಕೆಂದಿಲ್ಲ

ಬೆಂಗಳೂರಿನಿಂದ ದುಬೈ, ದೋಹಾ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸಿ ಸೀದಾ ಮ್ಯಾಂಚೆಸ್ಟರಿನಲ್ಲಿ ಇಳಿಯಬಹುದು. ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ರೈಲು ನಿಲ್ದಾಣವಿದೆ. ಇಪ್ಪತ್ತು ನಿಮಿಷದ ಹೊತ್ತಿಗೆ ಊರ ನಡುವಿನ ಪಿಕ್ಯಾಡಿಲಿ ನಿಲ್ದಾಣದಲ್ಲಿರುತ್ತೀರಿ. ಲಂಡನ್ನಿನಿಂದಲೇ ಬರುವವರಾದರೆ ಒಂದು ಮಾತು ನೆನಪಿರಲಿ: ಮ್ಯಾಂಚೆಸ್ಟರ್, ಲಿವರ್‌ಪೂಲ್ ರೈಲು ಯೂಸ್ಟನ್‌ನಿಂದ ಹೊರಡುತ್ತದೆ, ಲೀಡ್ಸ್, ಯಾರ್ಕ್, ನ್ಯೂಕ್ಯಾಸಲ್ ರೈಲು ಕಿಂಗ್ಸ್ ಕ್ರಾಸ್‌ನಿಂದ. ಯಾರ್ಕಿಗೆ ಹೆಚ್ಚುಕಡಿಮೆ ಎರಡು ಗಂಟೆಯ ದಾರಿ.

2. ಒಂದೇ ರೈಲು ಹಾದಿ ಹಿಡಿಯಿರಿ

ಪಶ್ಚಿಮದ ಲಿವರ್‌ಪೂಲಿನಿಂದ ಮ್ಯಾಂಚೆಸ್ಟರ್, ಅಲ್ಲಿಂದ ಪೆನೈನ್ ಬೆಟ್ಟಸಾಲನ್ನು ದಾಟಿ ಲೀಡ್ಸ್, ಆಮೇಲೆ ಯಾರ್ಕ್. ಈ ನಾಲ್ಕೂ ಊರುಗಳನ್ನು ಒಂದೇ ಹಾದಿ ಪೋಣಿಸಿದೆ. ಲಿವರ್‌ಪೂಲಿನಿಂದ ಮ್ಯಾಂಚೆಸ್ಟರಿಗೆ ಮುಕ್ಕಾಲು ಗಂಟೆಯೊಳಗೆ, ಅಲ್ಲಿಂದ ಲೀಡ್ಸಿಗೆ ಒಂದು ಗಂಟೆ, ಲೀಡ್ಸಿನಿಂದ ಯಾರ್ಕಿಗೆ ಅರ್ಧ ಗಂಟೆಗೂ ಕಡಿಮೆ. ಮೂರು ದಿನವಿದ್ದರೆ ಎರಡು ಊರು, ನಾಲ್ಕು ದಿನವಿದ್ದರೆ ಮೂರು. ಅದಕ್ಕಿಂತ ಹೆಚ್ಚು ಹಾಕಿಕೊಳ್ಳಬೇಡಿ.

ಈ ಪ್ರಯಾಣವೇ ನೋಡುವಂಥದ್ದು. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಹಾದಿ ತೆರೆದದ್ದು 1830ರ ಸೆಪ್ಟೆಂಬರ್ 15ರಂದು. ಎರಡು ನಗರಗಳ ನಡುವೆ ಉಗಿಬಂಡಿಯಲ್ಲಿ ಜನ ವೇಳಾಪಟ್ಟಿಯ ಪ್ರಕಾರ ಓಡಾಡಲು ಶುರುಮಾಡಿದ ಮೊದಲ ಹಾದಿ ಇದು. ಉದ್ಘಾಟನೆಯ ದಿನವೇ ವಿಲಿಯಂ ಹಸ್ಕಿಸನ್ ಎಂಬ ಸಂಸತ್ ಸದಸ್ಯ ಹಳಿಯ ಮೇಲೆ ನಿಂತಿದ್ದಾಗ ‘ರಾಕೆಟ್’ ಎಂಬ ಉಗಿ ಎಂಜಿನ್ ಬಡಿದು ತೀರಿಕೊಂಡ. ಲಿವರ್‌ಪೂಲಿನ ಲೈಮ್ ಸ್ಟ್ರೀಟ್‌ನಿಂದ ಮ್ಯಾಂಚೆಸ್ಟರಿನ ವಿಕ್ಟೋರಿಯಾ ನಿಲ್ದಾಣಕ್ಕೆ ಹೋಗುವ ರೈಲು ಇವತ್ತಿಗೂ ಆ ಹಳೆಯ ಹಾದಿಯಲ್ಲೇ ಸಾಗುತ್ತದೆ. ನಡುವೆ ಚ್ಯಾಟ್ ಮಾಸ್ ಎಂಬ ದೊಡ್ಡ ಜೌಗು ನೆಲ ಬರುತ್ತದೆ. ಅಲ್ಲಿ ಎಷ್ಟು ಮಣ್ಣು ಸುರಿದರೂ ಹೂತು ಹೋಗುತ್ತಿತ್ತು. ಕೊನೆಗೆ ಹಾದಿ ಕಟ್ಟಿದ ಎಂಜಿನಿಯರ್ ಜಾರ್ಜ್ ಸ್ಟೀಫನ್ಸನ್ ಸೌದೆಕಡ್ಡಿ, ಕುರುಚಲು ಗಿಡಗಳ ಹೊರೆಗಳನ್ನು ಹಾಸಿ, ಅದರ ಮೇಲೆ ಹಳಿಯನ್ನು ತೆಪ್ಪದ ಹಾಗೆ ತೇಲಿಬಿಟ್ಟ. ಹಸಿರು ಬಯಲು ಬಂದಾಗ ಫೋನು ಕೆಳಗಿಟ್ಟು ಹೊರಗೆ ನೋಡಿ.

3. ಮನೆ ಬದಲಿಸುತ್ತಾ ಹೋಗಬೇಡಿ

ದಿನಕ್ಕೊಂದು ಹೋಟೆಲು ಎಂದರೆ ದಿನಕ್ಕೆ ಮೂರು ಗಂಟೆ ಪೆಟ್ಟಿಗೆಯ ಪಾಲು. ಒಂದೇ ಊರಿನಲ್ಲಿ ತಂಗಿ, ಉಳಿದವುಗಳಿಗೆ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಎಳೆಯರಿದ್ದರೆ ಮ್ಯಾಂಚೆಸ್ಟರ್, ಹಿರಿಯರು ಜೊತೆಗಿದ್ದರೆ ಯಾರ್ಕ್, ತುಸು ದುಬಾರಿಯಾದರೂ ಸರಿ, ಎರಡೂ ಬಗೆಯವರಿದ್ದರೆ ನಡುಮಧ್ಯದ ಲೀಡ್ಸ್. ರೂಮು ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೇ ಇರಲಿ.

ಕಾಯ್ದಿರಿಸುವ ಮುನ್ನ ಎರಡು ವಿಷಯ ನೋಡಿಕೊಳ್ಳಿ. ಮ್ಯಾಂಚೆಸ್ಟರ್, ಲಿವರ್‌ಪೂಲಿನಲ್ಲಿ ಫುಟ್‌ಬಾಲ್ ಪಂದ್ಯದ ದಿನ, ಯಾರ್ಕಿನಲ್ಲಿ ಕುದುರೆ ರೇಸಿನ ದಿನ ಬಾಡಿಗೆ ಏರಿಬಿಡುತ್ತದೆ. ಇನ್ನೊಂದು, ಕೆಳಗಿನ ಅಂತಸ್ತಿನಲ್ಲಿ ಪಬ್ಬು ಇದೆಯೇ ಎಂಬುದು. ಅಗ್ಗಕ್ಕೆ ಸಿಕ್ಕಿತೆಂದು ನಾನು ಹಿಡಿದ ಒಂದು ರೂಮಿನಲ್ಲಿ ಶನಿವಾರ ರಾತ್ರಿ ಮೂರರವರೆಗೆ ನೆಲವೇ ಗುಂಯ್‌ಗುಡುತ್ತಿತ್ತು. ಮರುದಿನದ ಯಾರ್ಕ್ ಪೂರ್ತಿ ನಿದ್ದೆಗಣ್ಣಿನಲ್ಲೇ ಕಳೆಯಿತು. ರೂಮು ಕೊಡುವುದು ಮಧ್ಯಾಹ್ನ ಮೂರರ ಸುಮಾರಿಗೆ. ಆದರೆ ಬೆಳಿಗ್ಗೆಯೇ ಹೋಗಿ ಕೇಳಿದರೆ ಬಹುತೇಕ ಹೋಟೆಲುಗಳು ಪೆಟ್ಟಿಗೆಯನ್ನು ಇಟ್ಟುಕೊಳ್ಳುತ್ತವೆ.

4. ರೈಲು ಟಿಕೆಟ್ಟಿಗೆ ಮನೆಯಲ್ಲೇ ಒಂದು ಗಂಟೆ ಕೊಡಿ

ಅಲ್ಲಿ ಒಂದೇ ರೈಲಿನ ಒಂದೇ ಸೀಟಿಗೆ ಹತ್ತು ಬಗೆಯ ದರವಿದೆ. ಮುಂಚಿತವಾಗಿ ಕೊಳ್ಳುವ ‘ಅಡ್ವಾನ್ಸ್’ ಟಿಕೆಟ್ ಎಲ್ಲಕ್ಕಿಂತ ಅಗ್ಗ. ಆದರೆ ಅದು ಆ ಒಂದು ರೈಲಿಗೆ ಮಾತ್ರ. ಸಂಜೆ ಮನಸ್ಸು ಬಂದ ಹೊತ್ತಿಗೆ ವಾಪಸಾಗಬೇಕು ಎನ್ನುವವರು ‘ಆಫ್ ಪೀಕ್’ ರಿಟರ್ನ್ ತೆಗೆದುಕೊಳ್ಳಲಿ. ಗಂಡ ಹೆಂಡತಿಯೋ ಇಬ್ಬರು ಗೆಳತಿಯರೋ ಹೊರಟಿದ್ದರೆ ‘ಟೂ ಟುಗೆದರ್’ ರೈಲ್‌ಕಾರ್ಡ್ ಮಾಡಿಸಿಕೊಳ್ಳಿ. ಇಬ್ಬರ ಟಿಕೆಟ್ಟಿನಲ್ಲೂ ಮೂರನೇ ಒಂದು ಪಾಲು ಉಳಿಯುತ್ತದೆ. ಇಬ್ಬರೂ ಜೊತೆಯಲ್ಲೇ ಇರಬೇಕು, ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಮುಂಚೆ ನಡೆಯುವುದಿಲ್ಲ.

ಭಾನುವಾರ ದೂರದ ಪ್ರಯಾಣ ಬೇಡ. ಮ್ಯಾಂಚೆಸ್ಟರ್–ಲೀಡ್ಸ್–ಯಾರ್ಕ್ ಹಾದಿಯಲ್ಲಿ ದೊಡ್ಡ ದುರಸ್ತಿ ಕೆಲಸ ನಡೆದಿದೆ. ವಾರದ ಕೊನೆಯಲ್ಲಿ ರೈಲಿನ ಬದಲು ಬಸ್ಸು ಓಡಿಸುವುದು ಸಾಮಾನ್ಯ. ಹಿಂದಿನ ರಾತ್ರಿ ನ್ಯಾಷನಲ್ ರೈಲ್ ಆ್ಯಪ್ ನೋಡಿ ಮಲಗಿ.

5. ಮೊದಲ ಬೆಳಿಗ್ಗೆ ಮ್ಯಾಂಚೆಸ್ಟರಿನಲ್ಲಿ ನಡೆಯಿರಿ

ದೇಶ ಸುತ್ತು, ಕೋಶ ಓದು ಎನ್ನುತ್ತೇವಲ್ಲ, ಎರಡೂ ಒಂದೇ ಬೆಳಿಗ್ಗೆ ಆಗುವ ಊರು ಇದು. ವಿಕ್ಟೋರಿಯಾ ನಿಲ್ದಾಣದಿಂದ ಹೊರಟು ಡೀನ್ಸ್‌ಗೇಟ್ ಬೀದಿಯವರೆಗಿನ ನಡಿಗೆ. ಸುಮ್ಮನೆ ನಡೆದರೆ ಇಪ್ಪತ್ತು ನಿಮಿಷ. ನೋಡುತ್ತಾ ನಡೆದರೆ ನಾಲ್ಕು ಗಂಟೆ.

ನಿಲ್ದಾಣದ ಎದುರಿಗೇ ಚೆಥಮ್ಸ್ ಗ್ರಂಥಾಲಯ. ಬಟ್ಟೆ ವ್ಯಾಪಾರಿ ಹಂಫ್ರಿ ಚೆಥಮ್ ಬಿಟ್ಟು ಹೋದ ಹಣದಿಂದ 1653ರಲ್ಲಿ ಹುಟ್ಟಿದ್ದು. ಇಂಗ್ಲಿಷ್ ಮಾತಾಡುವ ನಾಡುಗಳಲ್ಲಿ ಇದಕ್ಕಿಂತ ಹಳೆಯ ಸಾರ್ವಜನಿಕ ಗ್ರಂಥಾಲಯ ಇಲ್ಲ. ಮಾರ್ಗದರ್ಶಕರ ಜೊತೆಯಲ್ಲೇ ಒಳಗೆ ಹೋಗಬೇಕಾದ್ದರಿಂದ ಮೊದಲೇ ಕಾಯ್ದಿರಿಸಿ. ಕಪ್ಪುಗಟ್ಟಿದ ಓಕ್ ಮರದ ಕಪಾಟುಗಳ ನಡುವೆ ಸಾಗಿ ಓದುವ ಕೋಣೆಗೆ ಬಂದರೆ, ಒಂದು ಮೂಲೆಯಲ್ಲಿ ಹೊರಚಾಚಿದ ಕಿಟಕಿ, ಅದರ ಬುಡದಲ್ಲಿ ಚೌಕದ ಒಂದು ಮೇಜು. 1845ರ ಬೇಸಿಗೆಯಲ್ಲಿ ಕಾರ್ಲ್ ಮಾರ್ಕ್ಸ್ ಮತ್ತು ಫ್ರೆಡ್ರಿಕ್ ಎಂಗೆಲ್ಸ್ ಎದುರುಬದುರು ಕುಳಿತು ಅರ್ಥಶಾಸ್ತ್ರ ಓದಿದ್ದು ಅಲ್ಲಿ. ಆ ಮೇಜನ್ನು ಮುಟ್ಟಬಹುದು. ನಾನು ಅಂಗೈ ಇಟ್ಟು ನೋಡಿದೆ. ಅಂಚುಗಳು ಮೊಣಕೈ ಸವೆತಕ್ಕೆ ನುಣ್ಣಗಾಗಿದ್ದವು. ಜಗತ್ತಿನ ಅರ್ಧ ರಾಜಕೀಯವನ್ನು ಅಲುಗಾಡಿಸಿದ ಓದು ಇಷ್ಟು ಚಿಕ್ಕ ಜಾಗದಲ್ಲಿ ನಡೆದಿತ್ತು.

ಹೊರಗೆ ಬಂದು ಕೆಥೆಡ್ರಲ್ ಕಡೆಗೆ ತಿರುಗಿದರೆ ಗಾಂಧೀಜಿ. ರಾಮ್ ಸುತಾರ್ ಮಾಡಿದ 9 ಅಡಿಯ ಕಂಚಿನ ಪ್ರತಿಮೆ, 2019ರ ನವೆಂಬರಿನಲ್ಲಿ ನಿಲ್ಲಿಸಿದ್ದು. ಮ್ಯಾಂಚೆಸ್ಟರಿನ ಬಟ್ಟೆಯನ್ನು ಬೆಂಕಿಗೆ ಹಾಕಿಸಿದವರು ಇಲ್ಲಿ ಹೇಗೆ ನಿಂತರು ಎಂಬ ಪ್ರಶ್ನೆಗೆ ಉತ್ತರ ಮುಂದಿನ ಸೂತ್ರದಲ್ಲಿದೆ.

ಡೀನ್ಸ್‌ಗೇಟಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ನಡಿಗೆ ಮುಗಿಸಿ. ಹತ್ತಿ ವ್ಯಾಪಾರದಲ್ಲಿ ಅಪಾರ ಗಳಿಸಿದ ಗಂಡನ ನೆನಪಿಗೆ ಎನ್ರಿಕೆಟಾ ರೈಲ್ಯಾಂಡ್ಸ್ ಎಂಬ ಮಹಿಳೆ ಇದನ್ನು ಕಟ್ಟಿಸಿದರು. ಓದುಗರಿಗೆ ತೆರೆದದ್ದು 1900ರ ಜನವರಿ 1ರಂದು. ಹೊರಗಿನಿಂದ ಚರ್ಚು, ಒಳಗೆ ಪುಸ್ತಕಗಳು. ಯೋಹಾನನ ಸುವಾರ್ತೆಯ ಒಂದು ಪಪೈರಸ್ ತುಣುಕು ಇವರ ಸಂಗ್ರಹದಲ್ಲಿದೆ, ಎಲೆಯಡಿಕೆಗೆ ಮಡಿಸಿದ ವೀಳ್ಯದೆಲೆಯಷ್ಟಿರಬಹುದು. ಹೊಸ ಒಡಂಬಡಿಕೆಯ ತೀರ ಹಳೆಯ ತುಣುಕುಗಳಲ್ಲಿ ಇದೂ ಒಂದೆನ್ನುತ್ತಾರೆ. ಪ್ರವೇಶಕ್ಕೆ ದುಡ್ಡಿಲ್ಲ. ವಾರವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ.

6. ಹತ್ತಿಯ ಜಾಡು ಬಿಡಬೇಡಿ

ಕನ್ನಡಿಗರು ಮ್ಯಾಂಚೆಸ್ಟರನ್ನು ಪರವೂರಿನಂತೆ ನೋಡಬೇಕಾಗಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಸುತ್ತಲ ಲ್ಯಾಂಕಾಶೈರಿನ ಗಿರಣಿಗಳು ಮುಚ್ಚಿ, ಲಕ್ಷಾಂತರ ಕೂಲಿಕಾರರ ಒಲೆ ಆರಿತು. ಆಗ ಎಲ್ಲರ ಕಣ್ಣು ಬಿದ್ದದ್ದು ಭಾರತದ ಮೇಲೆ, ಅದರಲ್ಲೂ ಧಾರವಾಡದ ಮೇಲೆ. ಕಂಪನಿ ಸರ್ಕಾರ 1840ರ ದಶಕದಲ್ಲೇ ಅಮೆರಿಕದಿಂದ ತೋಟಗಾರರನ್ನು ಕರೆಸಿ ಅಲ್ಲಿನ ತಳಿಯನ್ನು ಇಲ್ಲಿ ಬೆಳೆಸಲು ನೋಡಿತ್ತು. ಬಹಳ ಕಡೆ ಸೋತ ಆ ಪ್ರಯತ್ನ ಧಾರವಾಡ, ಗದಗ ಸೀಮೆಯ ಕಪ್ಪು ಮಣ್ಣಿನಲ್ಲಿ ನಾಟಿತು. ‘ಧಾರವಾಡ್ ಅಮೆರಿಕನ್’ ಎಂದು ಅದಕ್ಕೆ ಹೆಸರೇ ಬಿತ್ತು. ಲಿವರ್‌ಪೂಲ್ ಪೇಟೆಯಲ್ಲಿ ಧಾರವಾಡ, ಕುಮಟಾ ಎಂಬವು ಹತ್ತಿಯ ಬಗೆಗಳ ಹೆಸರಾಗಿದ್ದವು.

ಆ ಹತ್ತಿಯನ್ನು ಸಾಗಿಸಲೆಂದೇ ಕಾರವಾರದ ಬಂದರಿನ ಮಾತು ಜೋರಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆ ಹತ್ತಿ ಒತ್ತುವ ಯಂತ್ರಗಳನ್ನು ಕಾರವಾರದ ಪಕ್ಕದ ಸದಾಶಿವಗಡಕ್ಕೆ ಕಳಿಸಿತು; ಘಟ್ಟ ಇಳಿಯುವ ರಸ್ತೆ ಆಗಿನ್ನೂ ಸಿದ್ಧವಾಗಿರಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ನಮ್ಮ ಜಿಲ್ಲೆಯೊಂದರ ಗಡಿ ಈ ಊರಿನ ಗಿರಣಿಗಳಿಗಾಗಿ ಬದಲಾಯಿತು ಎಂಬುದನ್ನು ತಿಳಿದು ನಡೆದರೆ ಬೀದಿಗಳು ಬೇರೆಯಾಗಿ ಕಾಣುತ್ತವೆ.

ಸೇಂಟ್ ಆ್ಯನ್ಸ್ ಚೌಕದ ಪಕ್ಕದ ರಾಯಲ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಹೋಗಿ. ಲ್ಯಾಂಕಾಶೈರಿನ ಹತ್ತಿ ವ್ಯಾಪಾರವೆಲ್ಲ ಕುದುರುತ್ತಿದ್ದುದು ಇಲ್ಲಿನ ಹಜಾರದಲ್ಲಿ. ವಹಿವಾಟು 1968ರಲ್ಲಿ ನಿಂತಿತು. 1976ರಿಂದ ಹಜಾರದ ನಡುವೆ ಗಾಜು, ಉಕ್ಕಿನ ಒಂದು ರಂಗಮಂದಿರ ದೊಡ್ಡ ಕಂಬಗಳಿಂದ ತೂಗುತ್ತಿದೆ. ಅದನ್ನು ನೋಡಿದ ಮೇಲೆ ತಲೆಯೆತ್ತಿ. ಗೋಡೆಯ ಎತ್ತರದಲ್ಲಿ ದರ ತೋರಿಸುವ ಹಲಗೆ ಹಾಗೆಯೇ ಇದೆ. ಕೊನೆಯ ದಿನದ ಹತ್ತಿ ದರ ಇವತ್ತಿಗೂ ಅದರ ಮೇಲಿದೆ.

ಅಲ್ಲಿಂದ ಐದು ನಿಮಿಷ ನಡೆದರೆ ಲಿಂಕನ್ ಚೌಕ, ಅಬ್ರಹಾಂ ಲಿಂಕನ್‌ರ ಪ್ರತಿಮೆ. ಹತ್ತಿಯಿಲ್ಲದೆ ಉಪವಾಸ ಬಿದ್ದಿದ್ದರೂ ಮ್ಯಾಂಚೆಸ್ಟರಿನ ದುಡಿಯುವ ಜನ 1862ರ ಕೊನೆಯ ದಿನ ಸಭೆ ಸೇರಿ, ಗುಲಾಮಗಿರಿಯ ವಿರುದ್ಧದ ಹೋರಾಟಕ್ಕೆ ಬೆಂಬಲ ಸೂಚಿಸಿ ಲಿಂಕನ್ನರಿಗೆ ಬರೆದರು. ಜನವರಿಯಲ್ಲಿ ಲಿಂಕನ್ ಕೃತಜ್ಞತೆಯಿಂದ ಉತ್ತರಿಸಿದರು. ಮುಂದೆ 1931ರ ಸೆಪ್ಟೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಗಾಂಧೀಜಿ ಇದೇ ಲ್ಯಾಂಕಾಶೈರಿನ ಡಾರ್ವೆನ್ ಊರಿಗೆ ಹೋದರು. ಸ್ವದೇಶಿ ಚಳವಳಿಯ ಬಿಸಿ ತಟ್ಟಿದ್ದ ಗಿರಣಿಯ ಹೆಣ್ಣುಮಕ್ಕಳು ಅವರನ್ನು ಸುತ್ತುವರಿದು ಜೈಕಾರ ಹಾಕಿದ ಫೋಟೋ ಜಗತ್ತಿಗೆಲ್ಲ ಗೊತ್ತು. ಹೊಟ್ಟೆಗೆ ಬಿದ್ದ ಹೊಡೆತವನ್ನು ಮೀರಿ ಇನ್ನೊಬ್ಬರ ನೋವು ಅರಿಯಬಲ್ಲ ಜನ ಇವರು. ಅವರ ಊರನ್ನು ನಾನು ಪ್ರೀತಿಸುವುದು ಇದಕ್ಕೇ.

7. ಲಿವರ್‌ಪೂಲಿಗೆ ಒಂದು ಇಡೀ ದಿನ

ಎಲ್ಲರೂ ಬೀಟಲ್ಸ್‌ಗಾಗಿ ಹೋಗುತ್ತಾರೆ. ಹೋಗಿ. ಆದರೆ ಆ ತಂಡ ಹಾಡುತ್ತಿದ್ದ ಮ್ಯಾಥ್ಯೂ ಸ್ಟ್ರೀಟಿನ ಕ್ಯಾವರ್ನ್ ಕ್ಲಬ್ ಮೂಲದ್ದಲ್ಲ ಎಂಬುದು ತಿಳಿದಿರಲಿ; ಹಳೆಯದು 1973ರಲ್ಲಿ ಮುಚ್ಚಿತು, ಈಗಿನದು 1984ರಲ್ಲಿ ಮತ್ತೆ ಕಟ್ಟಿದ್ದು. ತಂಡದ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಬೆಳೆದ ಮನೆಗಳೇ ನಿಜವಾದ ದರ್ಶನ. ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುವ ಆ ಪುಟ್ಟ ಮನೆಗಳಿಗೆ ಒಂದು ಸಲಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ. ಟಿಕೆಟ್ಟು ವಾರಗಳ ಮುಂಚೆಯೇ ತೆಗೆದಿಡಿ.

ಉಳಿದ ಹೊತ್ತು ನೀರಿನ ಪಕ್ಕ ಕಳೆಯಿರಿ. 1846ರಲ್ಲಿ ತೆರೆದ ಆಲ್ಬರ್ಟ್ ಡಾಕ್‌ನ ಉಗ್ರಾಣಗಳನ್ನು ಜೆಸ್ಸಿ ಹಾರ್ಟ್ಲಿ ಇಟ್ಟಿಗೆ, ಕಲ್ಲು, ಎರಕದ ಕಬ್ಬಿಣದಲ್ಲೇ ಕಟ್ಟಿದ. ಬೆಂಕಿಗೆ ಹೆದರಿ ಕಟ್ಟಡಕ್ಕೆ ಮರವನ್ನೇ ಹಾಕಲಿಲ್ಲ. ಪಿಯರ್ ಹೆಡ್‌ನಿಂದ ಮರ್ಸಿ ನದಿಯ ಫೆರ್ರಿ ಹತ್ತಿ, ನಡುನೀರಿನಿಂದ ತಿರುಗಿ ನೋಡಿದರೆ ಊರಿನ ಮುಖ ಪೂರ್ತಿ ಕಾಣುತ್ತದೆ. ಈ ವೈಭವದ ಒಂದು ದೊಡ್ಡ ಪಾಲು ಗುಲಾಮರ ವ್ಯಾಪಾರದಿಂದ ಬಂದದ್ದು. ಅದನ್ನು ಊರು ಮುಚ್ಚಿಡಲಿಲ್ಲ. 2007ರಲ್ಲಿ ಅದಕ್ಕೆಂದೇ ವಸ್ತುಸಂಗ್ರಹಾಲಯ ತೆರೆಯಿತು. ಅದು ನವೀಕರಣಕ್ಕೆ ಮುಚ್ಚಿರುವ ಸಂಭವವಿದೆ, ವಿಚಾರಿಸಿ ಹೋಗಿ.

ಸಂಜೆಗೆ ಹೋಪ್ ಸ್ಟ್ರೀಟ್. ಅರ್ಧ ಮೈಲಿಯ ಬೀದಿ, ಎರಡು ತುದಿಗೆ ಎರಡು ಕೆಥೆಡ್ರಲ್. ಆಂಗ್ಲಿಕನ್ನರದನ್ನು 1904ರಿಂದ 1978ರವರೆಗೆ ಕಟ್ಟಿದರು. ಅದರ ನಕ್ಷೆಗೆ ಆಯ್ಕೆಯಾದಾಗ ಜೈಲ್ಸ್ ಗಿಲ್ಬರ್ಟ್ ಸ್ಕಾಟ್‌ಗೆ 22 ವರ್ಷ. ಬ್ರಿಟನ್ನಿನ ಕೆಂಪು ಟೆಲಿಫೋನ್ ಗೂಡೂ ಅವನ ವಿನ್ಯಾಸವೇ. ಇನ್ನೊಂದು ತುದಿಯ ಕ್ಯಾಥೊಲಿಕ್ ಕೆಥೆಡ್ರಲ್ 1967ರದು, ಕಿರೀಟದಂತೆ ದುಂಡಗಿದೆ. ಅದರ ನೆಲಮಾಳಿಗೆಯನ್ನು ರೂಪಿಸಿದವರು ನವದೆಹಲಿಯ ಲುಟ್ಯೆನ್ಸ್.

8. ಪುಕ್ಕಟೆ ಸಿಗುವುದನ್ನೇ ಮೊದಲು ನೋಡಿ

ಈ ಊರುಗಳ ದೊಡ್ಡ ವಸ್ತುಸಂಗ್ರಹಾಲಯ, ಚಿತ್ರಶಾಲೆಗಳಲ್ಲಿ ಬಹುಪಾಲಿಗೆ ಟಿಕೆಟ್ಟಿಲ್ಲ. ಟಿಕೆಟ್ಟಿಲ್ಲವೆಂದರೆ ಒಂದೇ ಕೋಣೆ ನೋಡಿ ಹೊರಬರುವ ಸ್ವಾತಂತ್ರ್ಯ. ದುಡ್ಡು ಕೊಟ್ಟ ಜಾಗದಲ್ಲಿ ಎಲ್ಲವನ್ನೂ ನೋಡಬೇಕೆಂಬ ಹಟ ಹುಟ್ಟುತ್ತದೆ, ಕಾಲು ಸೋಲುತ್ತದೆ. ಸೋಮವಾರ ಹಲವು ಕಡೆ ರಜೆ. ಭಾನುವಾರ ದೊಡ್ಡ ಅಂಗಡಿಗಳು ಆರು ಗಂಟೆ ಹೊತ್ತು ಮಾತ್ರ ತೆರೆದಿರುತ್ತವೆ.

9. ಲೀಡ್ಸ್‌ನಲ್ಲಿ ಆನೆಯನ್ನು ಕಂಡು ಬನ್ನಿ

ನನ್ನ ತಂಗಿಯ ಊರೆಂದು ಹೇಳುತ್ತಿಲ್ಲ, ಲೀಡ್ಸನ್ನು ಜನ ಸುಮ್ಮನೆ ದಾಟಿ ಹೋಗುವುದು ಅನ್ಯಾಯ. ನಾಟಕ ಮಂದಿರಗಳ ವಾಸ್ತುಶಿಲ್ಪಿ ಫ್ರ್ಯಾಂಕ್ ಮ್ಯಾಚಮ್ ಕಟ್ಟಿದ ಕೌಂಟಿ ಆರ್ಕೇಡ್ ಇಲ್ಲಿದೆ. ಕರ್ಕ್‌ಗೇಟ್ ಮಾರುಕಟ್ಟೆ ಇದೆ. 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬ ವಲಸಿಗ ಆ ಮಾರುಕಟ್ಟೆಯಲ್ಲಿ ಒಂದು ಪೆನ್ನಿಯ ಸಾಮಾನುಗಳ ಅಂಗಡಿ ಇಟ್ಟ. ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಹುಟ್ಟಿದ್ದು ಹಾಗೆ.

ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿ ಮಾತ್ರ ತಪ್ಪದೆ ನಿಲ್ಲಿ. ಅಲ್ಲಿ ನಿಜಗಾತ್ರದ ಆನೆಯೊಂದು ಯುದ್ಧಕವಚ ತೊಟ್ಟು ನಿಂತಿದೆ. ಸಾವಿರಾರು ಕಬ್ಬಿಣದ ಬಿಲ್ಲೆಗಳನ್ನು ಉಂಗುರಗಳಿಂದ ಹೆಣೆದು ಮಾಡಿದ ಭಾರತದ ಕವಚ. ಕೆಲವು ಭಾಗ ಕಳೆದುಹೋಗಿದ್ದರೂ 118 ಕಿಲೋ ತೂಗುತ್ತದೆ. ಚೌಕದ ತಗಡುಗಳ ಮೇಲೆ ಆನೆ, ಹಕ್ಕಿ, ಮೀನು ಉಬ್ಬಿ ನಿಂತಿವೆ. ಇದನ್ನು 1801ರಲ್ಲಿ ಇಂಗ್ಲೆಂಡಿಗೆ ತಂದವಳು ಮದ್ರಾಸ್ ಗವರ್ನರನ ಹೆಂಡತಿ ಹೆನ್ರಿಯೆಟಾ ಕ್ಲೈವ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಶ್ರೀರಂಗಪಟ್ಟಣ, ಬೆಂಗಳೂರುಗಳನ್ನು ಸುತ್ತಿದವಳು ಇವಳೇ.

10. ಅರ್ಧ ದಿನ ಸಣ್ಣ ಊರಿಗೆ

ಲೀಡ್ಸ್‌ನಿಂದ ರೈಲಿನಲ್ಲಿ ಕಾಲು ಗಂಟೆ ಹೋದರೆ ಸಾಲ್ಟೇರ್. ಟೈಟಸ್ ಸಾಲ್ಟ್ ಎಂಬ ಗಿರಣಿ ಯಜಮಾನ 1853ರಲ್ಲಿ ದೊಡ್ಡ ಗಿರಣಿ ತೆರೆದು, ಕೂಲಿಕಾರರಿಗೆ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ ಎಲ್ಲವನ್ನೂ ಕಟ್ಟಿಸಿದ. ಹೆಂಡದಂಗಡಿಗೆ ಮಾತ್ರ ಜಾಗ ಕೊಡಲಿಲ್ಲ. ಬೀದಿಗಳಿಗೆ ಅವನ ಮಕ್ಕಳ ಹೆಸರಿದೆ. ಈಗ ಗಿರಣಿಯೊಳಗೆ ಬ್ರ್ಯಾಡ್‌ಫರ್ಡಿನಲ್ಲಿ ಹುಟ್ಟಿದ ಚಿತ್ರಕಾರ ಡೇವಿಡ್ ಹಾಕ್ನಿಯ ಚಿತ್ರಗಳಿವೆ, ಪುಸ್ತಕದಂಗಡಿಯಿದೆ.

ಕೈಮಗ್ಗದ ಮೇಲೆ ಪ್ರೀತಿಯಿದ್ದವರು ಹ್ಯಾಲಿಫ್ಯಾಕ್ಸ್‌ನ ಪೀಸ್ ಹಾಲ್ ನೋಡಲಿ. ಬೆಟ್ಟದೂರುಗಳ ನೇಕಾರರು ಮನೆಯಲ್ಲಿ ನೇಯ್ದ ಬಟ್ಟೆಯ ತಾನುಗಳನ್ನು ತಂದು ಮಾರಲೆಂದು 1779ರಲ್ಲಿ ತೆರೆದ ಪೇಟೆ ಇದು. ದೊಡ್ಡ ಅಂಗಳ, ಸುತ್ತ 315 ಪುಟ್ಟ ಕೋಣೆಗಳು. ಆಮೇಲೆ ಗಿರಣಿ ಬಂತು, ನೇಕಾರರು ಕರಗಿದರು, ಅಂಗಳ ತರಕಾರಿ ಮಂಡಿಯಾಯಿತು. ಊರವರು ಅದನ್ನು ಉಳಿಸಿಕೊಂಡು, ದುರಸ್ತಿ ಮಾಡಿ 2017ರಲ್ಲಿ ಮತ್ತೆ ತೆರೆದರು.

11. ಯಾರ್ಕಿನಲ್ಲಿ ಬೇಗ ಏಳಿ, ಸಂಜೆಗೂ ಇರಿ

ಶ್ಯಾಂಬಲ್ಸ್ ಎಂಬ ಇಕ್ಕಟ್ಟಿನ ಬೀದಿಯ ಮಾಳಿಗೆಗಳು ಒಂದಕ್ಕೊಂದು ತಲೆ ತಾಗಿಸುವಂತೆ ಬಾಗಿವೆ. ಹಿಂದೆ ಕಸಾಯಿಗಳ ಬೀದಿ. ಹನ್ನೊಂದು ಗಂಟೆಗೆ ಅಲ್ಲಿ ಜನರ ಬೆನ್ನು ಮಾತ್ರ ಕಾಣುತ್ತದೆ. ಎಂಟಕ್ಕೆ ಹೋದರೆ ಬೀದಿಯೇ ಕಾಣುತ್ತದೆ. ಆಮೇಲೆ ಕೋಟೆ ಗೋಡೆ ಹತ್ತಿ. ಸುಮಾರು 3.4 ಕಿಲೋಮೀಟರ್, ದುಡ್ಡಿಲ್ಲ. ಇಲ್ಲಿ ‘ಗೇಟ್’ ಎಂದರೆ ಬೀದಿ, ವೈಕಿಂಗರ ಮಾತು. ಬಾಗಿಲಿಗೆ ‘ಬಾರ್’ ಎನ್ನುತ್ತಾರೆ. ದಾರಿ ಕೇಳುವಾಗ ಗೊಂದಲವಾಗದಿರಲಿ.

ಯಾರ್ಕ್ ಮಿನ್‌ಸ್ಟರ್ ಒಳಗೆ ಹೋಗಲು ಟಿಕೆಟ್ಟಿದೆ, ಕೊಟ್ಟು ಹೋಗಬಹುದಾದ ಜಾಗ. ಪೂರ್ವದ ದೊಡ್ಡ ಕಿಟಕಿಯ ಮುಂದೆ ಕುಳಿತುಕೊಳ್ಳಿ. ಟೆನಿಸ್ ಅಂಗಳದಷ್ಟು ವಿಸ್ತಾರದ ಬಣ್ಣದ ಗಾಜು, ಸೃಷ್ಟಿಯಿಂದ ಪ್ರಳಯದವರೆಗಿನ ಕಥೆ. ಜಾನ್ ಥಾರ್ನ್‌ಟನ್ 1405ರಿಂದ 1408ರವರೆಗೆ ಮೂರು ವರ್ಷದಲ್ಲಿ ಮಾಡಿ ಮುಗಿಸಿ 56 ಪೌಂಡ್ ಪಡೆದ. ಸಂಜೆಯ ಹಾಡಿನ ಪ್ರಾರ್ಥನೆಗೆ ಟಿಕೆಟ್ಟಿಲ್ಲದೆ ಯಾರು ಬೇಕಾದರೂ ಬರಬಹುದು. ಯಾವ ಧರ್ಮದವರೆಂದು ಕೇಳುವುದಿಲ್ಲ. ವೇಳೆ ನೋಡಿಕೊಂಡು ಕಾಲು ಗಂಟೆ ಮೊದಲೇ ಹೋಗಿ ಕುಳಿತರೆ, ಎಳೆಯ ದನಿಗಳು ಆ ಎತ್ತರದ ಚಾವಣಿಗೆ ಏರಿ ಕರಗುವುದನ್ನು ಕೇಳಬಹುದು. ನನ್ನ ಅತ್ತೆಯವರು ಕಣ್ಣು ಮುಚ್ಚಿ ಕೈ ಜೋಡಿಸಿ ಕುಳಿತವರು, ಮುಗಿದ ಮೇಲೂ ಏಳಲಿಲ್ಲ.

ಮಕ್ಕಳಿದ್ದರೆ ನ್ಯಾಷನಲ್ ರೈಲ್ವೆ ಮ್ಯೂಸಿಯಂ ಬಿಡುವ ಹಾಗಿಲ್ಲ. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮ್ಯಾಲರ್ಡ್ ಎಂಜಿನ್ ಅಲ್ಲಿದೆ. ಆ ವೇಗವನ್ನು ಯಾವ ಉಗಿಬಂಡಿಯೂ ಮುರಿದಿಲ್ಲ.

12. ಸಸ್ಯಾಹಾರಿಗಳು ಎಣ್ಣೆ ಯಾವುದೆಂದು ಕೇಳಲಿ

ಯಾರ್ಕ್‌ಶೈರಿನ ಹಳೆಯ ಪದ್ಧತಿಯಲ್ಲಿ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ‘ಡ್ರಿಪ್ಪಿಂಗ್’ ಎನ್ನುತ್ತಾರೆ. ಆಲೂಗಡ್ಡೆ ತಾನೆ ಎಂದು ಕೊಳ್ಳಬೇಡಿ. ಅತ್ತೆಯವರಿಗೆಂದು ನಾನು ಕೇಳಿದಾಗ ಅಂಗಡಿಯಾಕೆ ಸೌಟು ಕೆಳಗಿಟ್ಟು, “ಇದು ಡ್ರಿಪ್ಪಿಂಗ್, ಲವ್, ನಿಮಗಾಗುವುದಿಲ್ಲ” ಎಂದು ಹೇಳಿ, ಸಸ್ಯದ ಎಣ್ಣೆ ಬಳಸುವ ಇನ್ನೊಂದು ಅಂಗಡಿಗೆ ದಾರಿ ತೋರಿಸಿದಳು. ಆ ‘ಲವ್’ ಎಂಬುದು ಯಾರ್ಕ್‌ಶೈರಿನಲ್ಲಿ ಎಲ್ಲರಿಗೂ ಹೇಳುವ ಮಾತು, ನ್ಯೂಕ್ಯಾಸಲಿನಲ್ಲಿ ಅದೇ ‘ಪೆಟ್’ ಆಗುತ್ತದೆ. ನಮ್ಮಲ್ಲಿ ಅಪರಿಚಿತರನ್ನು ‘ಏನಮ್ಮಾ’, ‘ಯಜಮಾನ್ರೇ’ ಅನ್ನುವ ಹಾಗೆ. ನಗುತ್ತಾ ಮಾತು ಮುಂದುವರಿಸಿ, ಈ ಜನಕ್ಕೆ ಮಾತು ಬೇಕು.

ಮಾಂಸವಿಲ್ಲದ ಊಟಕ್ಕೆ ಪರದಾಡಬೇಕಿಲ್ಲ. ಮ್ಯಾಂಚೆಸ್ಟರಿನ ಮಗ್ಗುಲ ಸಾಲ್ಫರ್ಡಿನಲ್ಲಿ 1809ರಲ್ಲೇ ವಿಲಿಯಂ ಕೌಹರ್ಡ್ ಎಂಬ ಪಾದ್ರಿ ತನ್ನ ಚರ್ಚಿನವರಿಗೆ ಮಾಂಸ ಬಿಡಲು ಹೇಳಿದ್ದ. ಬ್ರಿಟನ್ನಿನ ಸಸ್ಯಾಹಾರ ಚಳವಳಿಯ ಬೇರು ಅಲ್ಲಿದೆ. ಮಸಾಲೆಯ ಊಟ ಬೇಕೆನಿಸಿದರೆ ಬ್ರ್ಯಾಡ್‌ಫರ್ಡಿಗೆ ಹೋಗಿ. ಯಾರ್ಕ್‌ಶೈರ್ ಪುಡಿಂಗ್ ಸಿಹಿಯಲ್ಲ. ನಲ್ಲಿಯ ನೀರು ಕುಡಿಯಬಹುದು, ಬಾಟಲಿ ಜೊತೆಗಿರಲಿ.

13. ಮಳೆಗೆ ಟೊಪ್ಪಿಗೆಯ ಜಾಕೆಟ್, ಬೆಳಕಿಗೆ ಗಡಿಯಾರ

ಮ್ಯಾಂಚೆಸ್ಟರಿನ ಮಳೆಗೆ ಹೆದರಬೇಡಿ. ವರ್ಷವಿಡೀ ಸುರಿದರೂ ಮಂಗಳೂರಿನ ಮಳೆಯ ಕಾಲು ಭಾಗ ಆಗುವುದಿಲ್ಲ. ಜಿನುಗುತ್ತದೆ, ನಿಲ್ಲುತ್ತದೆ, ಮತ್ತೆ ಜಿನುಗುತ್ತದೆ. ಗಾಳಿಗೆ ಕೊಡೆ ತಿರುವಿ ಹೋಗುತ್ತದೆ. ಟೊಪ್ಪಿಗೆಯಿರುವ ಮಳೆ ಜಾಕೆಟ್ ಸಾಕು. ಯೋಚಿಸಬೇಕಾದ್ದು ಬೆಳಕನ್ನು. ಜೂನ್ ಕೊನೆಯಲ್ಲಿ ಯಾರ್ಕಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಮುಕ್ಕಾಲರ ಸುಮಾರಿಗೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕರೊಳಗೇ ಕತ್ತಲು. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳು. ನೋಟುಗಳ ಕಟ್ಟು ಬೇಡ; ಬಸ್ಸಿನಿಂದ ಹಿಡಿದು ಮಾರುಕಟ್ಟೆಯ ಚಹಾದವರೆಗೆ ಕಾರ್ಡು ತಾಗಿಸಿದರೆ ಸಾಕು.

14. ಒಂದು ದಿನ ಉಳಿದರೆ ಉತ್ತರಕ್ಕೆ

ಯಾರ್ಕಿನಿಂದ ನ್ಯೂಕ್ಯಾಸಲ್‌ಗೆ ಒಂದು ಗಂಟೆ. ಟೈನ್ ನದಿಯ ಮೇಲೆ ಸಾಲು ಸೇತುವೆಗಳು: 1849ರಲ್ಲಿ ರಾಬರ್ಟ್ ಸ್ಟೀಫನ್ಸನ್ ಕಟ್ಟಿದ ಎರಡಂತಸ್ತಿನದು, 1928ರ ಹಸಿರು ಕಮಾನು, ಹಡಗು ಬಂದಾಗ ಇಡಿಯಾಗಿ ಓರೆಯಾಗಿ ಮೇಲೇಳುವ 2001ರ ಕಾಲ್ಸೇತುವೆ. ಅರ್ಧ ದಿನ ದಡದಲ್ಲಿ ನಡೆದರೆ ಸಾಕು.

ಆದರೆ ದಾರಿಯಲ್ಲಿ ಸಿಗುವ ಡರ್ಹಮ್‌ನಲ್ಲಿ ಇಳಿಯದೆ ಹೋಗಬೇಡಿ. 1093ರಲ್ಲಿ ಶುರುವಾದ ಅಲ್ಲಿನ ಕೆಥೆಡ್ರಲ್‌ನಲ್ಲಿ ಕಲ್ಲಿನ ಪಕ್ಕೆಲುಬುಗಳಂತೆ ಚಾವಣಿ ಎತ್ತುವ ವಿದ್ಯೆ ಮೊದಲ ಬಾರಿಗೆ ಇಷ್ಟು ದೊಡ್ಡ ಅಳತೆಯಲ್ಲಿ ಕೈಗೂಡಿತು. ಯೂರೋಪಿನ ಗಾಥಿಕ್ ಗೋಪುರಗಳೆಲ್ಲ ಅದರ ನಂತರದವು. ಪ್ರವೇಶಕ್ಕೆ ಟಿಕೆಟ್ಟಿಲ್ಲ, ಪೆಟ್ಟಿಗೆಗೆ ಕೈಲಾದಷ್ಟು ಹಾಕಬಹುದು. ಯಾರ್ಕಿನಲ್ಲಿ ರೈಲು ಹತ್ತುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಡರ್ಹಮ್ ನಿಲ್ದಾಣಕ್ಕೆ ಸ್ವಲ್ಪ ಮುಂಚೆ ರೈಲು ಎತ್ತರದ ಕಮಾನು ಸೇತುವೆಯ ಮೇಲೆ ಬರುತ್ತದೆ. ಕೆಳಗೆ ಇಡೀ ಊರು, ಎದುರು ಗುಡ್ಡದ ಮೇಲೆ ಕೆಥೆಡ್ರಲ್, ಅದರ ಪಕ್ಕದಲ್ಲಿ ಕೋಟೆ. ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಕಾಣುತ್ತದೆ.